ಎತ್ತಿಗೆ ಹಲ್ಲು, ಗಾಡಿಗೆ ಸಿಸಿ: ರ‍್ಯಾಲಿ ಓಟದ ಲೆಕ್ಕ

ಮಂಗಳೂರಿನ ನಂತೂರಿನಿಂದ ಹೊರಡುವ ಹಳೆಯ 13ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಮೂಡುಬಿದಿರೆ, ಕಾರ್ಕಳ, ಶಿವಮೊಗ್ಗ, ಚಿತ್ರದುರ್ಗ, ಹೊಸಪೇಟೆ ದಾಟಿ ಇಳಕಲ್, ಹುನಗುಂದಕ್ಕೆ ಹೋಗಿ, ಅಲ್ಲಿಂದ ವಿಜಯಪುರದ ಮೇಲೆ ಸೊಲ್ಲಾಪುರ ಮುಟ್ಟುತ್ತಿತ್ತು. ಈಗ ನಂಬರುಗಳು ಬದಲಾಗಿವೆ. ನಮ್ಮ ಕಡೆ ಅದು 169, ಇಳಕಲ್ ಕಡೆ 50. ಆದರೆ ನಮ್ಮ ಊರಿನ ರಸ್ತೆಯೇ ಅಲ್ಲಿಯವರೆಗೂ ಹೋಗುತ್ತದೆ ಎಂಬ ಭಾವನೆ ಇನ್ನೂ ಹೋಗಿಲ್ಲ.

ಈ ರಸ್ತೆಯಲ್ಲಿ ಮೊನ್ನೆ ರಜೆಯಲ್ಲಿ ನಾವು ಇಳಕಲ್‌ಗೆ ಹೋದೆವು. ನಮ್ಮ ಹಳೆಯ ಶಿಷ್ಯನೊಬ್ಬ ಅಲ್ಲಿ ಗ್ರಾನೈಟ್ ಲಾರಿಗಳ ಲೆಕ್ಕ ಬರೆಯುವ ಕೆಲಸದಲ್ಲಿದ್ದಾನೆ, ಬಹಳ ದಿನದಿಂದ ಕರೆಯುತ್ತಿದ್ದ. ಕಾರು ಭಾವನದ್ದು. ಭಾವ ಜುಬೈಲ್‌ನಲ್ಲಿದ್ದಾರೆ. ಓಡಿಸಿದವನು ತಂಗಿಯ ಮಗ, ಹತ್ತೊಂಬತ್ತು ವರ್ಷ, ಲೈಸೆನ್ಸ್ ಸಿಕ್ಕಿ ವರ್ಷವಾಗಿಲ್ಲ. ಚಿತ್ರದುರ್ಗ ದಾಟುವಾಗ ಅವನು ಮೆಲ್ಲ ವಿಷಯ ತೆಗೆದ. "ಮಾಮ, ಈ ಸ್ವಿಫ್ಟಿಗೆ ಒಂದು ಫ್ರೀ ಫ್ಲೋ ಸೈಲೆನ್ಸರ್, ಒಂದು ರೀಮ್ಯಾಪ್ ಮಾಡಿಸಿದ್ರೆ ರ‍್ಯಾಲಿ ಕಾರೇ ಆಗ್ತದೆ. ಉಪ್ಪನತ್ರ ನೀವೊಂದು ಮಾತು ಹೇಳ್ಬೇಕು."

ರ‍್ಯಾಲಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಾವುಟ, ಮೈಕು, ಘೋಷಣೆ. ಕಾರಿನ ರ‍್ಯಾಲಿ ಬಗ್ಗೆ ನಮಗೂ ಅಷ್ಟೇ ಗೊತ್ತಿದ್ದದ್ದು. ಇವನಿಗೆ ಗೊತ್ತಿದ್ದದ್ದು ಮೊಬೈಲಿನಲ್ಲಿ ನೋಡಿದ ಧೂಳು ಮತ್ತು ಶಬ್ದ. ಇಬ್ಬರಿಗೂ ಗೊತ್ತಿಲ್ಲದ ವಿಷಯದಲ್ಲಿ ಭಾವನಿಗೆ ಎಂತ ಶಿಫಾರಸು ಮಾಡುವುದು? "ನೋಡುವ" ಎಂದು ಹೇಳಿ ಸುಮ್ಮನಾದೆವು.

ಇಳಕಲ್‌ಗೆ ಮುಟ್ಟುವಾಗ ಬ್ರೇಕ್ ಪ್ಯಾಡ್ ಸವೆದು ಕಿರುಗುಟ್ಟಲು ಶುರುವಾಯಿತು. ಹೆದ್ದಾರಿ ಬದಿಯ ಒಂದು ಗ್ಯಾರೇಜಿಗೆ ಹೋದೆವು. ಅಲ್ಲಿಯ ಮೇಸ್ತ್ರಿ ಹಿಂದೆ ಬೆಂಗಳೂರಿನಲ್ಲಿ ಕೆಲವು ವರ್ಷ ರ‍್ಯಾಲಿ ಗಾಡಿಗಳಿಗೆ ಸ್ಪ್ಯಾನರ್ ಹಿಡಿದವರಂತೆ. ಹುಡುಗನ ಕಣ್ಣು ಅರಳಿತು. "ನಮ್ಮ ಸ್ವಿಫ್ಟ್ ಯಾವ ಕ್ಲಾಸಿಗೆ ಬರ್ತದೆ?" ಎಂದು ಕೇಳಿಯೇ ಬಿಟ್ಟ. ಮೇಸ್ತ್ರಿ ಜಾಕ್ ಏರಿಸುತ್ತಾ ನಮ್ಮ ಕಡೆ ತಿರುಗಿ ಹೇಳಿದರು: "ನೋಡ್ರಿ ಮಾಸ್ತರ್ರ, ಎತ್ತಿಗೆ ಹಲ್ಲ ನೋಡ್ತಾರ, ಗಾಡಿಗೆ ಸಿಸಿ ನೋಡ್ತಾರ. ಇಷ್ಟ ಐತಿ."

ಇಷ್ಟೇ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಆದರೆ ವಿಷಯದ ಬಾಗಿಲು ತೆರೆದದ್ದು ಆ ಮಾತೇ.

ಕಂಬಳದಲ್ಲಿ ಇರುವುದೇ ಇಲ್ಲೂ

ಬಾಗಲಕೋಟೆ ಕಡೆ ಜಾತ್ರೆ, ಹಬ್ಬಗಳಲ್ಲಿ ತೆರಬಂಡಿ ಸ್ಪರ್ಧೆ ಇರುತ್ತದೆ. ಜೋಡೆತ್ತು ಭಾರದ ಬಂಡಿ ಎಳೆಯಬೇಕು. ಕೊಟ್ಟ ಸಮಯದಲ್ಲಿ ಎಷ್ಟು ದೂರ ಎಳೆದವು ಎಂದು ಅಳೆಯುತ್ತಾರೆ. ಹಾಲುಹಲ್ಲಿನ ಹೋರಿಯನ್ನು ಬಾಯಿಗೂಡಿದ ಎತ್ತಿನ ಎದುರು ನಿಲ್ಲಿಸಿದರೆ ಅದು ಸ್ಪರ್ಧೆಯಲ್ಲ ಎಂಬುದು ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಕರಾವಳಿಯವರಿಗೆ ಇದನ್ನು ಕಂಬಳದಿಂದ ಹೇಳಿದರೆ ಬೇಗ ಅರ್ಥವಾದೀತು. ಕಂಬಳದಲ್ಲಿ ಎಲ್ಲ ಕೋಣಗಳನ್ನೂ ಒಟ್ಟಿಗೆ ಓಡಿಸುವುದಿಲ್ಲ. ನೇಗಿಲು ಹಿರಿಯ, ನೇಗಿಲು ಕಿರಿಯ, ಹಗ್ಗ ಹಿರಿಯ, ಹಗ್ಗ ಕಿರಿಯ, ಅಡ್ಡ ಹಲಗೆ, ಕನೆ ಹಲಗೆ ಎಂದು ಆರು ವಿಭಾಗ. ಹಿರಿಯ ಕಿರಿಯ ಎನ್ನುವುದು ಕೋಣದ ಲೆಕ್ಕ. ನೇಗಿಲು, ಹಗ್ಗ, ಹಲಗೆ ಎನ್ನುವುದು ಕಟ್ಟುವ ಸಾಮಾನಿನ ಲೆಕ್ಕ. ಕನೆ ಹಲಗೆಯಲ್ಲಂತೂ ವೇಗವೇ ಮುಖ್ಯವಲ್ಲ, ನೀರು ಎಷ್ಟು ಎತ್ತರ ಚಿಮ್ಮಿತು ಎಂಬುದೇ ಮುಖ್ಯ.

ಕಾರಿನ ರ‍್ಯಾಲಿಯಲ್ಲೂ ಹೀಗೆ ಎರಡು ಲೆಕ್ಕ ಉಂಟು. ಒಂದು, ಇಂಜಿನ್ ಎಷ್ಟು ದೊಡ್ಡದು. ಇದು ಕೋಣದ ಲೆಕ್ಕ. ಎರಡು, ಕಂಪೆನಿಯಿಂದ ಬಂದ ಕಾರನ್ನು ಎಷ್ಟರ ಮಟ್ಟಿಗೆ ಬದಲಾಯಿಸಲು ಒಪ್ಪಿಗೆ ಇದೆ. ಇದು ಸಾಮಾನಿನ ಲೆಕ್ಕ. ಇವೆರಡನ್ನೂ ಕೂಡಿಸಿದರೆ ಕ್ಲಾಸ್ ಸಿಗುತ್ತದೆ.

ಇಂಜಿನಿನ ಲೆಕ್ಕದಲ್ಲಿ ಒಂದು ಗಣಿತ ಇದೆ. ಸ್ವಿಫ್ಟ್ ಪೆಟ್ರೋಲ್ ಇಂಜಿನ್ 1197 ಸಿಸಿ. ಅದು ಹಾಗೆಯೇ 1197 ಆಗಿ ನಿಲ್ಲುತ್ತದೆ. ಆದರೆ ಅದೇ ಅಳತೆಯ ಪೆಟ್ರೋಲ್ ಇಂಜಿನಿಗೆ ಟರ್ಬೊ ಇದ್ದರೆ? ಟರ್ಬೊ ಎಂದರೆ ಇಂಜಿನಿನೊಳಗೆ ಗಾಳಿಯನ್ನು ಒತ್ತಿ ತುಂಬಿಸುವ ಪಂಪು ಇದ್ದ ಹಾಗೆ. ಸಣ್ಣ ಇಂಜಿನಿಗೂ ದೊಡ್ಡದರ ಬಲ ಬರುತ್ತದೆ. ಆದ್ದರಿಂದ ಅಂತಾರಾಷ್ಟ್ರೀಯ ನಿಯಮದಲ್ಲಿ ಅದರ ಅಳತೆಯನ್ನು 1.7ರಿಂದ ಗುಣಿಸುತ್ತಾರೆ. 1197ನ್ನು 1.7ರಿಂದ ಗುಣಿಸಿದರೆ 2034.9. ಅಂದರೆ 1200ರ ಕಾರು ಒಂದೇ ಸಲಕ್ಕೆ 2000 ಸಿಸಿಯ ಗೆರೆ ದಾಟಿ ದೊಡ್ಡವರ ಸಾಲಿಗೆ ಹೋಯಿತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಗಾತ್ರದ ಕಾರು. ಅಳತೆ ಹಿಡಿದವನಿಗೆ ಬೇರೆ ಬೇರೆ.

ನಿಯಮ ಬರೆಯುವವರು ಯಾರು?

ಲೋಕಕ್ಕೆಲ್ಲ ಈ ನಿಯಮ ಬರೆಯುವುದು ಎಫ್‌ಐಎ ಎಂಬ ಸಂಸ್ಥೆ. 1904ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ್ದು. ಗಲ್ಫಿನಲ್ಲಿರುವ ನಮ್ಮವರಿಗೆ ಒಂದು ವಿಷಯ ಕೇಳಿ ಖುಷಿಯಾಗಬಹುದು. 2021ರ ಡಿಸೆಂಬರಿನಲ್ಲಿ ಅದರ ಅಧ್ಯಕ್ಷರಾಗಿ ಆಯ್ಕೆಯಾದವರು ದುಬೈಯ ಮುಹಮ್ಮದ್ ಬಿನ್ ಸುಲಯೆಮ್. ಕುರ್ಚಿಯಲ್ಲಿ ಕೂತೇ ಬೆಳೆದವರಲ್ಲ, ಮಧ್ಯಪ್ರಾಚ್ಯದ ರ‍್ಯಾಲಿ ಚಾಂಪಿಯನ್ ಪಟ್ಟವನ್ನು 14 ಸಲ ಗೆದ್ದ ಚಾಲಕ. ನಮ್ಮ ದೇಶದಲ್ಲಿ ಎಫ್‌ಐಎ ಮಾನ್ಯತೆ ಪಡೆದು ನಿಯಮ ಜಾರಿ ಮಾಡುವ ಸಂಸ್ಥೆ ಎಫ್‌ಎಂಎಸ್‌ಸಿಐ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ ಅದರ ಅಡಿಯಲ್ಲಿ ನಡೆಯುತ್ತದೆ. ಇದನ್ನು ಹುಡುಗರು ಐಎನ್‌ಆರ್‌ಸಿ ಎನ್ನುತ್ತಾರೆ. ಬೆಂಗಳೂರಿನ ಕೆ-1000 ರ‍್ಯಾಲಿ, ಚಿಕ್ಕಮಗಳೂರು ಮತ್ತು ಕೊಡಗಿನ ಕಾಫಿ ತೋಟದ ದಾರಿಗಳಲ್ಲಿ ನಡೆಯುವ ರ‍್ಯಾಲಿಗಳು ಇದರಲ್ಲಿ ಬಂದು ಹೋಗಿವೆ.

ಐಎನ್‌ಆರ್‌ಸಿಯಲ್ಲಿ 2, 3, 4 ಎಂದು ನಂಬರಿನ ವಿಭಾಗಗಳಿವೆ. ನಂಬರು ದೊಡ್ಡದಾದಂತೆ ಕಾರಿನ ಬಲ ಕಡಿಮೆ. ಹೊಸ ಚಾಲಕರಿಗೆ ಜೂನಿಯರ್ ವಿಭಾಗ ಬೇರೆ. ಮಾರುತಿ ಜಿಪ್ಸಿಗಳಿಗೆಂದೇ ಒಂದು ಕಪ್ ಇತ್ತು. ಎಲ್ಲರದ್ದೂ ಒಂದೇ ಗಾಡಿಯಾದರೆ ಗೆದ್ದವನು ಚಾಲಕ, ಹಣವಲ್ಲ.

ಒಬ್ಬನೇ ಎರಡು ಕಡೆ ಲೆಕ್ಕಕ್ಕೆ ಬರುವುದೂ ಉಂಟು. ಎಲ್ಲರ ನಡುವೆ ಎಷ್ಟನೇ ಸ್ಥಾನ, ತನ್ನ ಕ್ಲಾಸಿನಲ್ಲಿ ಎಷ್ಟನೇ ಸ್ಥಾನ ಎಂದು. 2024ರ ಡಕಾರ್ ರ‍್ಯಾಲಿ ಸೌದಿಯ ಅಲ್‌ಉಲಾದಲ್ಲಿ ಶುರುವಾಗಿ ಯಾಂಬುವಿನಲ್ಲಿ ಮುಗಿಯಿತು. ಆ ಕಡೆ ಕೆಲಸದಲ್ಲಿರುವ ನಮ್ಮ ಊರಿನವರು ಕೆಲವರಾದರೂ ಅದರ ಧೂಳು ಕಂಡಿರಬಹುದು. ಅದರಲ್ಲಿ ಕೇರಳದ ಶೊರ್ನೂರಿನ ಹಾರಿತ್ ನೋಹ್ ಬೈಕ್ ಓಡಿಸಿದರು. ಒಟ್ಟು ಲೆಕ್ಕದಲ್ಲಿ ಅವರು 11ನೆಯವರು. ಆದರೆ ತಮ್ಮ 'ರ‍್ಯಾಲಿ 2' ಕ್ಲಾಸಿನಲ್ಲಿ ಮೊದಲಿಗರು. ಡಕಾರಿನಲ್ಲಿ ಒಂದು ಕ್ಲಾಸ್ ಗೆದ್ದ ಮೊದಲ ಭಾರತೀಯ. ಕ್ಲಾಸ್ ಇಲ್ಲದಿದ್ದರೆ ಆ ಹೆಸರು ಹನ್ನೊಂದನೇ ಸಾಲಿನಲ್ಲಿ ಮುಚ್ಚಿ ಹೋಗುತ್ತಿತ್ತು.

ಹುನಗುಂದದ ಕಪ್ಪು ಮಣ್ಣು, ಬಾದಾಮಿಯ ಕೆಂಪು ದಾರಿ

ಮರುದಿನ ಶಿಷ್ಯನ ಮನೆಯಲ್ಲಿ ರೊಟ್ಟಿ ತಿಂದು ಹೊರಟೆವು. ಹುನಗುಂದ, ಅಮೀನಗಡ, ಅಲ್ಲಿಂದ ಐಹೊಳೆ, ಪಟ್ಟದಕಲ್ಲಿನ ಮೇಲೆ ಬಾದಾಮಿ. ಅಮೀನಗಡದಲ್ಲಿ ಮನೆಗೆಂದು ಕರದಂಟು ಕಟ್ಟಿಸಿಕೊಂಡೆವು. ಹುನಗುಂದದ ಸುತ್ತ ಕಪ್ಪು ಎರೆಮಣ್ಣು. ಬಾದಾಮಿ ಹತ್ತಿರ ಬಂದ ಹಾಗೆ ಕೆಂಪು ಕಲ್ಲು, ಮರಳು ಮಣ್ಣು. ಮೇಸ್ತ್ರಿ ಹೇಳಿದ್ದ ಇನ್ನೊಂದು ಮಾತು ಆಗ ಅರ್ಥವಾಯಿತು. ರ‍್ಯಾಲಿ ಎಂದರೆ ಸರ್ಕೀಟಿನಲ್ಲಿ ಸುತ್ತು ಹೊಡೆಯುವ ರೇಸಲ್ಲ. ಇಂತಹ ಊರುಗಳ ನಡುವಿನ ದಾರಿಯಲ್ಲೇ ನಡೆಯುತ್ತದೆ. ಮಣ್ಣು ಬದಲಾದಂತೆ ಟಯರ್ ಬದಲಾಗಬೇಕು, ಕೈ ಬದಲಾಗಬೇಕು.

ದಾರಿಯನ್ನು ಎರಡು ತುಂಡು ಮಾಡಿರುತ್ತಾರೆ. ಒಂದು 'ವಿಶೇಷ ಹಂತ'. ಅಲ್ಲಿ ಸರಕಾರದ ಒಪ್ಪಿಗೆ ಪಡೆದು ರಸ್ತೆ ಮುಚ್ಚಿರುತ್ತಾರೆ. ಕಾರುಗಳನ್ನು ಒಂದೊಂದಾಗಿ, ನಡುವೆ ಸಮಯ ಬಿಟ್ಟು ಕಳಿಸುತ್ತಾರೆ. ಗಡಿಯಾರದ ಎದುರು ಓಟ. ಎರಡನೆಯದು ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಹೋಗುವ ಸಾಮಾನ್ಯ ರಸ್ತೆ. ಅಲ್ಲಿ ರ‍್ಯಾಲಿ ಕಾರು ನಮ್ಮ ನಿಮ್ಮ ಕಾರಿನಂತೆಯೇ. ನಂಬರ್ ಪ್ಲೇಟ್ ಬೇಕು, ಲೈಟ್, ಇಂಡಿಕೇಟರ್ ಬೇಕು, ಸಿಗ್ನಲಿನಲ್ಲಿ ನಿಲ್ಲಬೇಕು. ವಿಶ್ವ ಚಾಂಪಿಯನ್‌ಶಿಪ್ಪಿನ ನಿಯಮದಲ್ಲಿ ಟ್ರಾಫಿಕ್ ತಪ್ಪಿಗೂ ಶಿಕ್ಷೆ ಬರೆದಿದ್ದಾರೆ. ಮೊದಲು ದಂಡ, ಮತ್ತೆ ಮಾಡಿದರೆ ಸಮಯದ ಶಿಕ್ಷೆ, ಮತ್ತೂ ಮಾಡಿದರೆ ಸ್ಪರ್ಧೆಯಿಂದಲೇ ಹೊರಗೆ.

ಇದನ್ನು ಹೇಳಿದಾಗ ಹುಡುಗ ನಂಬಲಿಲ್ಲ. "ರ‍್ಯಾಲಿಯವರು ಸಿಗ್ನಲಿಗೆ ನಿಲ್ತಾರಾ ಮಾಮ?" ನಿಲ್ಲುತ್ತಾರೆ. ಇನ್ನೊಂದು ನಿಯಮ ಇನ್ನೂ ವಿಚಿತ್ರ. ಟೈಮ್ ಕಂಟ್ರೋಲ್ ಎಂಬ ಕಟ್ಟೆಗೆ ಕೊಟ್ಟ ನಿಮಿಷಕ್ಕೆ ಸರಿಯಾಗಿ ಬರಬೇಕು. ತಡವಾದರೆ ನಿಮಿಷಕ್ಕೆ 10 ಸೆಕೆಂಡ್ ಶಿಕ್ಷೆ. ಬೇಗ ಬಂದರೆ ನಿಮಿಷಕ್ಕೆ ಪೂರ್ತಿ 1 ನಿಮಿಷ ಶಿಕ್ಷೆ. ಅಂದರೆ ತಡಮಾಡಿದವನಿಗಿಂತ ಆತುರ ಮಾಡಿದವನಿಗೆ ಆರು ಪಟ್ಟು.

ಇನ್ನೂರು ಕಾರುಗಳ ಕಥೆ

ಈ ನಿಯಮಗಳೆಲ್ಲ ಯಾರೋ ಕೋಣೆಯಲ್ಲಿ ಕೂತು ಕಲ್ಪಿಸಿ ಬರೆದದ್ದಲ್ಲ. ಹಲವು ನಿಯಮಗಳ ಹಿಂದೆ ಒಂದೊಂದು ಮಯ್ಯತ್ ಇದೆ.

1982ರಲ್ಲಿ ಎಫ್‌ಐಎ ಕಾರುಗಳನ್ನು ಹೊಸದಾಗಿ ವಿಂಗಡಿಸಿತು. ಗ್ರೂಪ್ ಎನ್ ಎಂದರೆ ಅಂಗಡಿಯಿಂದ ಬಂದ ಕಾರು, ಬದಲಾವಣೆ ಬಹಳ ಕಡಿಮೆ. ಗ್ರೂಪ್ ಎ ಎಂದರೆ ಬದಲಾವಣೆಗೆ ಸ್ವಲ್ಪ ಹೆಚ್ಚು ಅವಕಾಶ. ಇವೆರಡಕ್ಕೂ ಕಂಪೆನಿ ಅಂತಹ ಕಾರನ್ನು ವರ್ಷಕ್ಕೆ 5000 ತಯಾರಿಸಿರಬೇಕಿತ್ತು. ಇಷ್ಟು ಕಾರು ಮಾಡಬೇಕಾದರೆ ಅದು ಜನ ಕೊಂಡು ಓಡಿಸುವಂತಹ ಕಾರೇ ಆಗಿರಬೇಕು. ಗ್ರೂಪ್ ಬಿ ಎಂಬ ಮೂರನೆಯದಕ್ಕೆ ಮಾತ್ರ 200 ಕಾರು ಸಾಕು ಎಂದರು. ಇಲ್ಲೇ ಎಡವಿದ್ದು.

ಇನ್ನೂರು ಕಾರು ಮಾಡುವುದು ದೊಡ್ಡ ಕಂಪೆನಿಗೆ ಯಾವ ಲೆಕ್ಕ? ರ‍್ಯಾಲಿಗೆಂದೇ ಹಗುರ ಮೈ, ದೈತ್ಯ ಟರ್ಬೊ, ನಾಲ್ಕೂ ಚಕ್ರಕ್ಕೆ ಬಲ ಕೊಟ್ಟ ಕಾರುಗಳು ಬಂದವು. ಕೊನೆಕೊನೆಗೆ 500 ಕುದುರೆ ಶಕ್ತಿ ದಾಟಿದವು. ರಸ್ತೆ ಮಾತ್ರ ಅದೇ ಹಳ್ಳಿ ರಸ್ತೆ. ಎರಡೂ ಬದಿ ಜನ ಗೋಡೆಯಂತೆ ನಿಲ್ಲುತ್ತಿದ್ದರು. 1986ರ ಮಾರ್ಚಿನಲ್ಲಿ ಪೋರ್ಚುಗಲ್‌ನಲ್ಲಿ ಒಂದು ಕಾರು ಜನರ ಮೇಲೆ ಹರಿದು ಮೂವರು ಪ್ರೇಕ್ಷಕರು ತೀರಿಕೊಂಡರು. ಎರಡು ತಿಂಗಳಾಗುವ ಮೊದಲೇ, ಮೇ 2ರಂದು, ಕೋರ್ಸಿಕಾ ದ್ವೀಪದಲ್ಲಿ ಫಿನ್ಲೆಂಡಿನ ಹೆನ್ರಿ ಟೊಯಿವೊನೆನ್ ಮತ್ತು ಅವರ ಜೊತೆ ಚಾಲಕ ಸೆರ್ಜಿಯೊ ಕ್ರೆಸ್ಟೊ ಅವರ ಕಾರು ಕಣಿವೆಗೆ ಉರುಳಿ ಬೆಂಕಿ ಹೊತ್ತಿತು. ಇಬ್ಬರೂ ಉಳಿಯಲಿಲ್ಲ. ಮರುವರ್ಷದಿಂದ ಗ್ರೂಪ್ ಬಿ ಮುಚ್ಚಿತು.

ಕ್ಲಾಸ್ ಎಂದರೆ ಯಾರು ಗೆಲ್ಲಬೇಕು ಎಂಬುದಕ್ಕೆ ಮಾತ್ರ ಅಲ್ಲ, ಯಾವ ರಸ್ತೆಗೆ ಎಷ್ಟು ಬಲ ಸಾಕು ಎಂಬುದಕ್ಕೂ ಎಂದು ಅಂದಿನಿಂದ ಎಲ್ಲರಿಗೂ ಅರಿವಾಯಿತು. ಈಗ ಎಫ್‌ಐಎ ಏಣಿಯಂತೆ ಐದು ಮೆಟ್ಟಿಲು ಮಾಡಿದೆ. ರ‍್ಯಾಲಿ 1 ಎಲ್ಲಕ್ಕಿಂತ ಮೇಲೆ, ವಿಶ್ವ ಚಾಂಪಿಯನ್‌ಶಿಪ್ಪಿನ ದೊಡ್ಡ ತಂಡಗಳಿಗೆ. ರ‍್ಯಾಲಿ 2 ಮತ್ತು 3 ಕೂಡ ನಾಲ್ಕು ಚಕ್ರಕ್ಕೂ ಬಲ ಇರುವವು, ಆದರೆ ಶಕ್ತಿ, ಖರ್ಚು ಕಡಿಮೆ. ರ‍್ಯಾಲಿ 4 ಮತ್ತು 5 ಎರಡೇ ಚಕ್ರಕ್ಕೆ ಬಲ ಇರುವ ಸಣ್ಣ ಕಾರು, ಕಲಿಯುವವರಿಗೆ. ಡಕಾರಿನ ಬೈಕುಗಳ 'ರ‍್ಯಾಲಿ 2' ಬೇರೆ, ಈ ಕಾರುಗಳ ರ‍್ಯಾಲಿ 2 ಬೇರೆ. ಹೆಸರು ಒಂದೇ ಎಂದು ಗೊಂದಲ ಬೇಡ.

ಯಾವ ಮೆಟ್ಟಿಲಿನ ಕಾರಿಗೂ ಒಂದು ಜಾತಕ ಇರುತ್ತದೆ. ಅದಕ್ಕೆ ಹೋಮೊಲೊಗೇಶನ್ ಎನ್ನುತ್ತಾರೆ. ಕಂಪೆನಿ ತನ್ನ ಕಾರಿನ ಬಿಡಿಭಾಗಗಳ ಅಳತೆ, ಚಿತ್ರವನ್ನು ಎಫ್‌ಐಎಗೆ ಕೊಟ್ಟು ದಾಖಲು ಮಾಡಬೇಕು. ಸ್ಪರ್ಧೆಯ ದಿನ ಪರೀಕ್ಷಕರು ಆ ಕಾಗದವನ್ನು ಕೈಯಲ್ಲಿ ಹಿಡಿದೇ ಕಾರು ನೋಡುತ್ತಾರೆ. ತೂಕ ಹಾಕುತ್ತಾರೆ, ಟರ್ಬೊಗೆ ಸೀಲ್ ಹಾಕುತ್ತಾರೆ. ಓಟ ಮುಗಿದ ಮೇಲೆ ಕಾರುಗಳನ್ನು ಬೇಲಿಯೊಳಗೆ ನಿಲ್ಲಿಸುತ್ತಾರೆ, ಅಲ್ಲಿ ಮಾಲೀಕನಿಗೂ ಬಾನೆಟ್ ಮುಟ್ಟಲು ಹಕ್ಕಿಲ್ಲ.

ಇಷ್ಟು ಗಟ್ಟಿ ಯಾಕೆ? 1995ರಲ್ಲಿ ಸ್ಪೇನಿನ ಕಟಲೂನ್ಯಾ ರ‍್ಯಾಲಿಯಲ್ಲಿ ಟೊಯೊಟಾ ತಂಡ ಸಿಕ್ಕಿಬಿದ್ದದ್ದು ನೋಡಿ. ಟರ್ಬೊಗೆ ಹೋಗುವ ಗಾಳಿ 34 ಮಿಲಿಮೀಟರ್ ಕಂಡಿಯಿಂದಲೇ ಹೋಗಬೇಕು ಎಂದು ನಿಯಮ. ಇವರು ಗೊತ್ತಾಗದಂತೆ ಬದಿಯಿಂದಲೂ ಗಾಳಿ ಹೋಗುವ ಹಾಗೆ ಮಾಡಿದ್ದರು. ಬಿಚ್ಚಿ ಅಳತೆ ಮಾಡುವಾಗ ಅದು ಮತ್ತೆ ಸರಿಯಾದ ಜಾಗದಲ್ಲೇ ಕಾಣುವ ಹಾಗಿತ್ತು. ಎಫ್‌ಐಎ ತಂಡದ ಆ ವರ್ಷದ ಅಂಕಗಳನ್ನು ಕಿತ್ತುಹಾಕಿ, ಒಂದು ವರ್ಷ ಸ್ಪರ್ಧೆಯಿಂದ ಹೊರಗಿಟ್ಟಿತು. ಲೋಕದ ದೊಡ್ಡ ಕಂಪೆನಿ, ಹೆಸರಾಂತ ಚಾಲಕರು. ಕೆಲವೇ ಮಿಲಿಮೀಟರ್ ಗಾಳಿಗೆ ಎಲ್ಲ ಹೋಯಿತು. ತಕ್ಕಡಿಯ ಕೆಳಗೆ ಅಂಟಿಸಿದ ಹುಣಸೆಹಣ್ಣಿನ ಹಾಗೆಯೇ ಇದು.

ಎಡಬದಿಯ ಸೀಟಿನವರು

ರ‍್ಯಾಲಿ ಕಾರಿನಲ್ಲಿ ಇಬ್ಬರು ಇರಲೇಬೇಕು. ಒಬ್ಬ ಓಡಿಸುತ್ತಾನೆ. ಇನ್ನೊಬ್ಬ ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಮುಂದಿನ ತಿರುವು ಎಷ್ಟು ಗಟ್ಟಿ, ಎಷ್ಟು ಮೀಟರ್ ನಂತರ ದಿಣ್ಣೆ, ಎಲ್ಲಿ ಕಲ್ಲು ಎಂದು ಓದಿ ಹೇಳುತ್ತಾನೆ. ಸ್ಪರ್ಧೆಗೆ ಮೊದಲು ಇಬ್ಬರೂ ನಿಧಾನ ವೇಗದಲ್ಲಿ ದಾರಿ ನೋಡಿ ಆ ಪುಸ್ತಕ ಬರೆದಿರಬೇಕು. ನಮ್ಮ ದೇಶದ ಕಾರಿನಲ್ಲಿ ಅವರ ಜಾಗ ಎಡಬದಿ.

ಆ ಎಡಬದಿಯ ಸೀಟಿನಲ್ಲಿ ದೇಶಕ್ಕೇ ಹೆಸರು ಮಾಡಿದವರು ನಮ್ಮ ಪಕ್ಕದ ಕಾಸರಗೋಡಿನ ಮೂಸಾ ಶರೀಫ್. ಗೌರವ್ ಗಿಲ್ ಜೊತೆ ಕೂತು ರಾಷ್ಟ್ರೀಯ ಚಾಂಪಿಯನ್ ಆದವರು. ಮಂಗಳೂರಿನಿಂದ ಡೀನ್ ಮಸ್ಕರೇನ್ಹಸ್, ಅರ್ಜುನ್ ರಾವ್ ಆರೂರು ರಾಷ್ಟ್ರೀಯ ರ‍್ಯಾಲಿಗಳಲ್ಲಿ ಚಾಲಕರಾಗಿ ಓಡಿಸಿದ್ದಾರೆ. ನಮ್ಮ ಕರಾವಳಿಗೆ ಈ ಆಟ ಹೊಸತಲ್ಲ, ನಮ್ಮ ಮನೆಗಳಿಗೆ ಅದರ ನಿಯಮ ಹೊಸತು ಅಷ್ಟೇ.

ಇದೇ ಗಿಲ್ ಮತ್ತು ಮೂಸಾ ಶರೀಫ್ ಅವರ ಕಾರಿಗೆ 2019ರ ಸೆಪ್ಟೆಂಬರ್ 21ರಂದು ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ ಅಪಘಾತವಾಯಿತು. ಸ್ಪರ್ಧೆಗೆಂದು ಮುಚ್ಚಿದ್ದ ಹಂತದೊಳಗೆ ಒಂದು ಮೋಟಾರ್ ಸೈಕಲ್ ಬಂದುಬಿಟ್ಟಿತು. ಅದರಲ್ಲಿದ್ದ ತಂದೆ, ತಾಯಿ, ಮಗ ಮೂವರೂ ತೀರಿಕೊಂಡರು. ಗಿಲ್‌ಗೂ ಗಾಯವಾಯಿತು. ಅವರು ಮೋಟಾರು ಕ್ರೀಡೆಯಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲಿಗರು, ಅದೂ ಅದೇ ವರ್ಷ. ಚಾಲಕ ಅನುಭವಿ, ಕಾರಿನೊಳಗೆ ಉಕ್ಕಿನ ಪಂಜರ, ಮೈಗೆ ಬೆಂಕಿ ತಡೆಯುವ ಬಟ್ಟೆ, ತಲೆಗೆ ಹೆಲ್ಮೆಟ್, ಮುಚ್ಚಿದ ರಸ್ತೆ. ಇಷ್ಟಿದ್ದೂ ಒಂದು ಬೈಕ್ ಒಳಗೆ ಬಂದರೆ ಹೀಗೆ. ಏನೂ ಇಲ್ಲದೆ, ತೆರೆದ ಹೆದ್ದಾರಿಯಲ್ಲಿ ರಾತ್ರಿ ಹನ್ನೊಂದಕ್ಕೆ ರೀಲ್ಸಿಗೆಂದು ಓಡಿಸುವವರ ಎದುರು ಒಂದು ಬೈಕ್ ಬಂದರೆ?

ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ಕಟ್ಟೆಯ ಮೇಲೆ ಕೂತು ಹುಡುಗನಿಗೆ ಇದನ್ನು ಹೇಳಿದೆವು. ಅವನು ಉತ್ತರ ಕೊಡಲಿಲ್ಲ. ಹೋದ ವರ್ಷ ಅವನ ಜೊತೆ ಪಿಯುಸಿ ಓದಿದ ಹುಡುಗನೊಬ್ಬ ಇದೇ ಹೆದ್ದಾರಿಯ ನಮ್ಮ ಕಡೆಯ ಒಂದು ತಿರುವಿನಲ್ಲಿ ಹೋದದ್ದು ಅವನಿಗೂ ನೆನಪಾಗಿರಬೇಕು. ಅವತ್ತು ಆ ಮನೆಯಲ್ಲಿ ಅವನ ಉಮ್ಮ ಕೇಳುತ್ತಿದ್ದದ್ದು ಒಂದೇ: "ಯಾರು ಗೆದ್ದದ್ದು?" ಉತ್ತರ ಯಾರ ಹತ್ತಿರವೂ ಇರಲಿಲ್ಲ. ಕ್ಲಾಸೇ ಇಲ್ಲದ ಓಟದಲ್ಲಿ ಗೆದ್ದವರು ಅಂತ ಯಾರೂ ಇರುವುದಿಲ್ಲ.

ಡ್ಯಾಶ್‌ಬೋರ್ಡಿನಲ್ಲಿದ್ದ ಕಾಗದ

ಆಮೇಲೆ ಕಾರಿನ ಡ್ಯಾಶ್‌ಬೋರ್ಡಿನಿಂದ ಆರ್‌ಸಿ, ಇನ್ಶೂರೆನ್ಸ್ ಕಾಗದ ತೆಗೆಸಿ ಅವನ ಕೈಯಲ್ಲೇ ಓದಿಸಿದೆವು. ವರ್ಷ ವರ್ಷ ಹಣ ಕಟ್ಟುತ್ತೇವೆ, ಓದುವವರು ಕಡಿಮೆ. ಖಾಸಗಿ ಕಾರಿನ ಪಾಲಿಸಿಯಲ್ಲಿ 'ಬಳಕೆಯ ಮಿತಿ' ಎಂದು ಒಂದು ಸಾಲು ಇರುತ್ತದೆ. ರೇಸ್, ವೇಗದ ಪರೀಕ್ಷೆ ಇಂತಹವುಗಳಿಗೆ ಬಳಸಿದರೆ ಆ ಪಾಲಿಸಿ ಅನ್ವಯಿಸುವುದಿಲ್ಲ ಎಂದು. ಸ್ಪರ್ಧೆಗೆ ಹೋಗುವವರು ಅದಕ್ಕೆಂದೇ ಬೇರೆ ವಿಮೆಯ ವ್ಯವಸ್ಥೆ ನೋಡಬೇಕು.

ಆರ್‌ಸಿಯ ವಿಷಯ ಇನ್ನೂ ಗಟ್ಟಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿಯಲ್ಲಿ ಬರೆದಿರುವ ಕಂಪೆನಿಯ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿಯ ನಂತರ ಹಾಗೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಅಥವಾ ಎರಡೂ. ಮಾಲೀಕ ಎಂದರೆ ಯಾರು? ಆರ್‌ಸಿಯಲ್ಲಿ ಹೆಸರಿರುವವರು. ಇಲ್ಲಿ ಜುಬೈಲ್‌ನಲ್ಲಿ ಬಿಸಿಲಿಗೆ ಬೆವರು ಸುರಿಸುವ ಭಾವ. ಸಾರ್ವಜನಿಕ ರಸ್ತೆಯಲ್ಲಿ ಸರಕಾರದ ಲಿಖಿತ ಒಪ್ಪಿಗೆ ಇಲ್ಲದೆ ರೇಸ್ ಮಾಡಿದರೆ 189ನೇ ಕಲಂ. ಮೊದಲ ಸಲ ಮೂರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ, ಎರಡನೇ ಸಲಕ್ಕೆ ಒಂದು ವರ್ಷ ಅಥವಾ 10,000. ಇನ್ನು ಹದಿನೆಂಟು ತುಂಬದ ಮಕ್ಕಳ ಕೈಗೆ ಕೀ ಕೊಟ್ಟರೆ 199ಎ ಕಲಂ. ಹೆತ್ತವರಿಗೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಮಗುವಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಮೀಸೆ ಚಿಗುರುವ ಮೊದಲೇ ಮಗ ಕಾರು ಬಿಡುತ್ತಾನೆ ಎಂದು ಹೆಮ್ಮೆ ಪಡುವವರು ಇದನ್ನು ಒಮ್ಮೆ ಓದಬೇಕು.

"ಹಾಗಾದ್ರೆ ರ‍್ಯಾಲಿ ನಮಗಲ್ಲ ಅಂತ ಆಯ್ತು" ಎಂದ ಹುಡುಗ. ಹಾಗಲ್ಲ. ಮನೆಯ ಕಾರಿಗೂ ಒಂದು ಕ್ಲಾಸ್ ಉಂಟು.

ಆತುರಕ್ಕೆ ಶಿಕ್ಷೆ ಇರುವ ಆಟ

ಅದು ಟಿಎಸ್‌ಡಿ. ಸಮಯ, ವೇಗ, ದೂರ ಎಂಬ ಮೂರರ ಲೆಕ್ಕದ ರ‍್ಯಾಲಿ. ರಸ್ತೆ ಮುಚ್ಚುವುದಿಲ್ಲ, ಕಾರು ಬದಲಾಯಿಸಬೇಕಾಗಿಲ್ಲ. ಸಂಘಟಕರು ದಾರಿ ಮತ್ತು ಸರಾಸರಿ ವೇಗ ಕೊಡುತ್ತಾರೆ. 20 ಕಿ.ಮೀ.ಗೆ ಸರಾಸರಿ 40 ಎಂದರೆ 30 ನಿಮಿಷ. ನಡುವೆ ಎಲ್ಲಿಯೋ ಗಡಿಯಾರ ಹಿಡಿದು ಕೂತಿರುತ್ತಾರೆ. ತಡವಾದರೂ ಅಂಕ ಹೋಗುತ್ತದೆ, ಬೇಗ ಬಂದರೂ ಹೋಗುತ್ತದೆ. ಕ್ಲಬ್‌ಗಳು ನಡೆಸುವ ಇಂತಹ ರ‍್ಯಾಲಿಗಳಲ್ಲಿ ಗಂಡ ಹೆಂಡತಿ, ಅಪ್ಪ ಮಗ ಜೊತೆಯಾಗಿ ಭಾಗವಹಿಸುವುದುಂಟು. ಬೆಂಗಳೂರಿನಿಂದ ಹೊರಡುತ್ತಿದ್ದ ದಕ್ಷಿಣ್ ಡೇರ್‌ನಂತಹ ದೊಡ್ಡ ರ‍್ಯಾಲಿಯಲ್ಲೂ ವೇಗದ ವಿಭಾಗ ಬೇರೆ, ಈ ಲೆಕ್ಕದ ವಿಭಾಗ ಬೇರೆ ಇತ್ತು.

ಬಾದಾಮಿಯಿಂದ ಬಾಗಲಕೋಟೆಗೆ ಹೋಗುವಾಗ ಇದನ್ನೇ ಆಡಿ ನೋಡಿದೆವು. ಕಿಲೋಮೀಟರ್ ಕಲ್ಲು ನೋಡಿ 20 ಕಿ.ಮೀ. ಗುರುತು ಮಾಡಿಕೊಂಡೆವು. ಗಡಿಯಾರ, ಪೆನ್ನು, ನೋಟ್‌ಬುಕ್ ನಮ್ಮ ಕೈಯಲ್ಲಿ. ಎಡಬದಿಯ ಸೀಟಿನ ಉಸ್ತಾದ್! ಮೊದಲ ಹತ್ತು ಕಿ.ಮೀ.ಗೆ ಹುಡುಗ ಎರಡು ನಿಮಿಷ ಬೇಗ. "ಪೆನಾಲ್ಟಿ" ಎಂದೆವು. ನಿಧಾನ ಮಾಡಿದ. ಆಗ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್. ಹಾರ್ನ್ ಹೊಡೆದು ನುಗ್ಗುವ ಅಭ್ಯಾಸ ಇದ್ದ ಹುಡುಗ ಈ ಸಲ ನುಗ್ಗಲಿಲ್ಲ. "ಎರಡು ನಿಮಿಷ ನಮ್ಮತ್ರ ಉಂಟಲ್ಲ ಮಾಮ" ಎಂದ. ಟ್ರ್ಯಾಕ್ಟರಿನ ಹಿಂದೆ ಸಮಾಧಾನದಲ್ಲಿ ಹೋದೆವು. ಗುರುತಿನ ಕಲ್ಲಿಗೆ ಮುಟ್ಟುವಾಗ 31 ನಿಮಿಷ. ಒಂದು ನಿಮಿಷ ತಡ.

ಬಾಗಲಕೋಟೆಯ ನವನಗರ ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಒಂದು ಭಾಗ ಮುಳುಗಡೆಯಾದದ್ದರಿಂದ ಕಟ್ಟಿದ ಊರು. ರಸ್ತೆಗಳು ಅಗಲ, ನೇರ. ಹುಡುಗನಿಗೆ ಕಾಲು ತುರಿಸಲು ಇದಕ್ಕಿಂತ ಒಳ್ಳೆ ಜಾಗ ಬೇಡ. ಅಲ್ಲೂ ಅವನು ನಲವತ್ತರ ಮೇಲೆ ಹೋಗಲಿಲ್ಲ. ನಾವು ಕಾರಣ ಕೇಳಲಿಲ್ಲ.

ರಾತ್ರಿ ಭಾವ ಫೋನ್ ಮಾಡಿದರು. ಹುಡುಗನೇ ಮಾತಾಡಿದ. ಸೈಲೆನ್ಸರಿನ ಸುದ್ದಿ ತೆಗೆಯಲಿಲ್ಲ. "ಉಪ್ಪ, ನೀವು ರಜೆಗೆ ಬರುವಾಗ ಒಂದು ಟಿಎಸ್‌ಡಿಗೆ ಹೆಸರು ಕೊಡುವನಾ? ನಾನು ಓಡಿಸ್ತೇನೆ, ನೀವು ಲೆಕ್ಕ ನೋಡ್ಬೇಕು" ಎಂದ. ಅತ್ತ ಕಡೆಯಿಂದ ಭಾವ ಕೇಳಿದ್ದು ನಮಗೂ ಕೇಳಿಸಿತು: "ಖರ್ಚೆಷ್ಟು?"

"ಒಂದು ನೋಟ್‌ಬುಕ್" ಎಂದ ಹುಡುಗ.

ಪೂರ್ತಿ ಸರಿಯಲ್ಲ. ಹೆಸರು ಕೊಡಲು ಶುಲ್ಕ ಇರುತ್ತದೆ, ಪೆಟ್ರೋಲ್ ಬೇಕು, ಬ್ರೇಕ್ ಪ್ಯಾಡ್ ಸರಿ ಇರಬೇಕು. ಆದರೆ ಸೈಲೆನ್ಸರಿಗಿಂತ ಕಡಿಮೆಯೇ. ನಾವು ಮಧ್ಯೆ ಬಾಯಿ ಹಾಕಲಿಲ್ಲ.